ಕಾಯಿಲೆ ಯಾರದೋ, ಮಾತೂ ಅವರದೇ

ನಮ್ಮ ಮದ್ದೂರು ಸೀಮೆಯಲ್ಲಿ ಪ್ರತಿಯೊಂದು ಕಾಯಿಲೆಗೂ ಒಂದು ಹೆಸರಿದೆ. ಮಧುಮೇಹವನ್ನು ಸಕ್ಕರೆ ಕಾಯಿಲೆ ಎನ್ನುತ್ತೇವೆ. ಕಬ್ಬು ಬೆಳೆಯುವ ನಾಡಿನಲ್ಲಿ ಅದನ್ನು ಹೇಳಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ರಕ್ತದೊತ್ತಡವುಳ್ಳವರು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ‘ನನಗೆ ಬೀಪಿ, ಉಪ್ಪಿನಕಾಯಿ ಬೇಡ’ ಎಂದು ಗಟ್ಟಿಯಾಗಿಯೇ ಹೇಳುತ್ತಾರೆ. ಆದರೆ ಎರಡು ಬಗೆಯ ಕಾಯಿಲೆಗಳ ವಿಷಯ ಬಂದೊಡನೆ ನಮ್ಮ ದನಿ ತಗ್ಗುತ್ತದೆ. ಒಂದು ಕ್ಯಾನ್ಸರ್, ಅದು ನಮ್ಮವರ ಬಾಯಲ್ಲಿ ‘ಆ ಕಾಯಿಲೆ’ ಅಥವಾ ‘ದೊಡ್ಡ ಕಾಯಿಲೆ’. ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು. ಅದಕ್ಕೆ ‘ಗಾಳಿ ಸೋಕಿದೆ’ ಎಂದೋ ‘ತಲೆ ಕೆಟ್ಟಿದೆ’ ಎಂದೋ ಹೇಳಿ ಕೈತೊಳೆದುಕೊಳ್ಳುತ್ತೇವೆ.

ಈ ಎರಡು ಕಾಯಿಲೆಗಳ ಬಗ್ಗೆ ಮುಕ್ತವಾಗಿ ಮಾತನಾಡಬೇಕೆಂದು ಈಗ ಪತ್ರಿಕೆಗಳೂ ವೈದ್ಯರೂ ಹೇಳುತ್ತಿದ್ದಾರೆ. ಸಂತೋಷ. ಆದರೆ ನಮ್ಮ ಊರುಗಳಲ್ಲಿ ಮಾತಿಗೇನೂ ಕೊರತೆಯಿಲ್ಲ ಎಂಬುದನ್ನು ನಾನು ಕಂಡಿದ್ದೇನೆ. ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ವಾರದೊಳಗೆ ಅರಳಿಕಟ್ಟೆಗೂ ಹಾಲಿನ ಡೇರಿಗೂ ಸುದ್ದಿ ಮುಟ್ಟಿರುತ್ತದೆ. ಮುಟ್ಟದಿರುವುದು ಒಬ್ಬರಿಗೆ ಮಾತ್ರ, ಆ ರೋಗಿಗೆ. ನಮ್ಮ ತೊಡಕು ಮೌನವಲ್ಲ. ಮಾತು ಯಾರ ಸ್ವತ್ತೋ ಅವರ ಕೈಯಲ್ಲಿಲ್ಲದಿರುವುದೇ ನಮ್ಮ ತೊಡಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ನಮ್ಮ ಬಂಧುವರ್ಗದ ಹಿರಿಯ ಹೆಣ್ಣುಮಗಳೊಬ್ಬರ ಸಂಗತಿಯನ್ನು, ಅವರ ಮಗನ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ. ಅವರ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತ್ತು. ನಾಚಿಕೆಯಿಂದ ಹಲವು ತಿಂಗಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಬೆಂಗಳೂರಿಗೆ ಕರೆದೊಯ್ದಾಗ ವೈದ್ಯರು ರೋಗ ಯಾವುದೆಂದು ಮಗನಿಗೆ ತಿಳಿಸಿದರು. ಮಗ ತಾಯಿಗೆ ‘ಸಣ್ಣ ಗಡ್ಡೆ, ಔಷಧಿಯಲ್ಲಿ ಕರಗುತ್ತದೆ’ ಎಂದ. ಸೊಸೆಗೆ, ಅಳಿಯನಿಗೆ, ಪಕ್ಕದ ಮನೆಯವರಿಗೆ ನಿಜ ಹೇಳಿ, ‘ಅವ್ವನ ಮುಂದೆ ಬಾಯಿ ಬಿಡಬೇಡಿ’ ಎಂದು ಎಚ್ಚರಿಸಿದ. ಅಂದಿನಿಂದ ಆ ಮನೆಯಲ್ಲಿ ಆಕೆ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅಕ್ಕಪಕ್ಕದವರು ತಮ್ಮ ಮಕ್ಕಳನ್ನು ಆಕೆಯ ಬಳಿಗೆ ಬಿಡುವುದನ್ನು ನಿಲ್ಲಿಸಿದರು. ಒಂದು ಮನೆಯಲ್ಲಂತೂ ನೀರು ಕುಡಿಯಲು ಬೇರೆ ಲೋಟ ಕೊಟ್ಟರು. ಕಾರಣವೇನೆಂದು ಆಕೆ ಯಾರನ್ನು ಕೇಳಬೇಕು?

ಮಗ ನನ್ನ ಬಳಿ ಸಲಹೆಗೆಂದು ಬಂದಾಗ, ತಾಯಿಗೆ ಹೇಳಿಬಿಡು ಎಂದೆ. ಅವನು ಹೇಳಿದ. ಆಕೆ ಅಳಲಿಲ್ಲ, ಕುಸಿಯಲೂ ಇಲ್ಲ. ‘ಸಾಲಲ್ಲಿ ಕುಂತಿದ್ದೋರೆಲ್ಲ ಯಾಕ್ ಬಂದವ್ರೆ ಅಂತ ಕೇಳಿ ಅವತ್ತೇ ತಿಳ್ಕಂಡಿದ್ದೆ. ನೀನು ಕೊರಗ್ತೀಯ ಅಂತ ಸುಮ್ಕಿದ್ದೆ ಕಣ್ ಮಗ’ ಎಂದರಂತೆ. ತಾಯಿಯಿಂದ ಮಗ, ಮಗನಿಂದ ತಾಯಿ, ಹೀಗೆ ಒಬ್ಬರಿಂದೊಬ್ಬರು ಒಂದೇ ಸಂಗತಿಯನ್ನು ಮುಚ್ಚಿಟ್ಟುಕೊಂಡು ನಾಲ್ಕು ತಿಂಗಳು ಕಳೆದಿದ್ದರು. ಆ ನಾಲ್ಕು ತಿಂಗಳು ಆಕೆ ರಾತ್ರಿ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕುಳಿತು ಒಬ್ಬರೇ ಅಳುತ್ತಿದ್ದುದು ಆಮೇಲೆ ತಿಳಿಯಿತು. ನಿಜ ಹೊರಬಿದ್ದ ಮೇಲೆ ಆಕೆ ಮೊದಲು ಮಾಡಿದ ಕೆಲಸವೆಂದರೆ, ಯಾರ ಬಳಿ ಎಷ್ಟು ಚೀಟಿ ಹಣ ಬರಬೇಕೆಂದು ಮಗನ ಕೈಯಲ್ಲಿ ಬರೆಸಿದ್ದು. ಎರಡನೆಯದು, ಮಳವಳ್ಳಿ ಕಡೆಯ ತವರಿಗೆ ಹೋಗಿ ಎಂಟು ದಿನ ಇದ್ದು ಬಂದದ್ದು. ಚಿಕಿತ್ಸೆ ಮುಂದುವರಿಯಿತು. ಆ ನಂತರ ಎರಡು ವರ್ಷಗಳಿಗೂ ಮೀರಿ ಅವರು ಬದುಕಿದ್ದರು. ಆ ಅವಧಿಯಲ್ಲಿ ಅವರು ನಕ್ಕದ್ದನ್ನು ನಾನೇ ನೋಡಿದ್ದೇನೆ.

‘ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ’ ಎಂಬುದು ಮುಚ್ಚಿಡುವವರ ವಾದ. ಇದರ ಹಿಂದೆ ಪ್ರೀತಿಯಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಗೆಜ್ಜಲಗೆರೆಯನ್ನೇ ನೋಡಿ. ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವ ಊರು ಇದು. ಸುತ್ತಲಿನ ಸೊಸೈಟಿಗಳಲ್ಲಿ ಹಾಲು ಅಳೆದಾಗ ಕೊಬ್ಬಿನ ಅಂಶವನ್ನು ಪರೀಕ್ಷಿಸಿ ಹಾಲು ತಂದವರಿಗೇ ತಿಳಿಸುತ್ತಾರೆ. ಹಸುವಿನ ಹಾಲಿನ ಫಲಿತಾಂಶ ಹಸುವಿನ ಒಡೆಯನಿಗೆ ಸಲ್ಲಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಹೆತ್ತ ತಾಯಿಯ ದೇಹದ ಪರೀಕ್ಷೆಯ ಫಲಿತಾಂಶ ಮಾತ್ರ ಆಕೆಯೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಸಲ್ಲುತ್ತದೆ! ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ತನ್ನ ಕಾಯಿಲೆಯ ಬಗ್ಗೆ ಮಾಹಿತಿ ಪಡೆಯುವ ಹಕ್ಕೂ ಸೇರಿದೆ. ಹಕ್ಕಿನ ಮಾತು ಹಾಗಿರಲಿ. ಮುಚ್ಚಿಟ್ಟದ್ದು ಮುಚ್ಚಿಯೇ ಇರುವುದಿಲ್ಲ. ತಲೆಗೂದಲು ಉದುರುವಾಗ, ಬಂಧುಗಳು ಸರದಿಯಂತೆ ಹಣ್ಣು ಹಿಡಿದು ಬಂದು ಹೋಗುವಾಗ, ರೋಗಿಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಆ ಭಯವನ್ನು ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಇಲ್ಲವಾಗುತ್ತಾರೆ.

ಇಲ್ಲಿಯೇ ಮನಸ್ಸಿನ ಆರೋಗ್ಯದ ಪ್ರಶ್ನೆ ಬರುತ್ತದೆ. ಬೆಂಗಳೂರನ್ನು ಬಲ್ಲವರಿಗೆಲ್ಲ ಗೊತ್ತಿರುವಂತೆ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆ ಮತ್ತು 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಅಕ್ಕಪಕ್ಕದಲ್ಲಿಯೇ ಇವೆ. ಒಂದು ಕ್ಯಾನ್ಸರ್‌ಗೆ, ಮತ್ತೊಂದು ಮನಸ್ಸಿಗೆ ಮತ್ತು ನರಗಳಿಗೆ. ನಮ್ಮ ಜನ ಮೊದಲನೆಯದಕ್ಕೆ ಹೆದರಿ ಹೋಗುತ್ತಾರೆ. ಎರಡನೆಯದರ ಕಡೆಗೆ ತಲೆಯೆತ್ತಿಯೂ ನೋಡುವುದಿಲ್ಲ. ನಿಮ್ಹಾನ್ಸ್‌ನ ಮೂಲವಾದ ಹುಚ್ಚರ ಆಸ್ಪತ್ರೆಯ ಹೆಸರನ್ನು ಮೈಸೂರು ಸಂಸ್ಥಾನವು 1925ರಲ್ಲಿಯೇ ಮಾನಸಿಕ ಆಸ್ಪತ್ರೆ ಎಂದು ಬದಲಾಯಿಸಿತು. ಸರ್ಕಾರ ನೂರು ವರ್ಷದ ಹಿಂದೆ ಬಿಟ್ಟ ಪದವನ್ನು ನಾವು ಇಂದಿಗೂ ಬಿಟ್ಟಿಲ್ಲ.

ಕ್ಯಾನ್ಸರ್ ರೋಗಿಗೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಗೋಡೆ ನೋಡುತ್ತ ಮಲಗಿದ್ದರೆ, ಎಲ್ಲವನ್ನೂ ‘ಆ ಕಾಯಿಲೆ’ಯ ಲೆಕ್ಕಕ್ಕೇ ಬರೆದುಬಿಡುತ್ತೇವೆ. ಇವುಗಳಲ್ಲಿ ಖಿನ್ನತೆಯ ಪಾಲೂ ಇರಬಹುದು. ಖಿನ್ನತೆಗೆ ಆಪ್ತ ಸಲಹೆಯೂ ಔಷಧಿಯೂ ಉಂಟು. ರೋಗಿಯನ್ನು ನೋಡಿಕೊಳ್ಳುವ ಹೆಂಡತಿಯದೋ ಮಗನದೋ ಮನಸ್ಸು ಬಳಲುವುದನ್ನಂತೂ ಕೇಳುವವರೇ ಇಲ್ಲ. ನೋಡಲು ಬಂದವರು ‘ಧೈರ್ಯವಾಗಿರಿ, ಏನೂ ಆಗಲ್ಲ’ ಎನ್ನುತ್ತಾರೆ. ಈ ಮಾತು ಕೇಳಲು ಹಿತ. ಆದರೆ ಅದನ್ನು ಕೇಳಿಸಿಕೊಂಡ ಮೇಲೆ ‘ನನಗೆ ಭಯವಾಗಿದೆ’ ಎಂದು ಹೇಳಲು ರೋಗಿಗೆ ಅವಕಾಶವೇ ಉಳಿಯುವುದಿಲ್ಲ.

2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೆ ಒಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಸಾಲ, ಬೆಲೆ, ಕಾರ್ಖಾನೆಯ ಬಾಕಿ ಎಲ್ಲವನ್ನೂ ಚರ್ಚಿಸಿದೆವು. ಚರ್ಚಿಸಬೇಕಾದದ್ದೇ. ಆದರೆ ಆ ಸಾಲ ಹೊತ್ತವನ ಮನಸ್ಸಿನ ಸ್ಥಿತಿಯನ್ನು ಮನೆಯೊಳಗೆ ಯಾರಾದರೂ ವಿಚಾರಿಸಿದ್ದರೇ ಎಂಬ ಪ್ರಶ್ನೆ ಹೆಚ್ಚು ಕೇಳಿಬರಲಿಲ್ಲ. ಸಾಲವಾಗಲಿ ಕ್ಯಾನ್ಸರ್ ಆಗಲಿ, ಒಬ್ಬಂಟಿಯಾಗಿ ಹೊತ್ತಾಗ ಅದರ ಭಾರವೇ ಬೇರೆ.

ಹಾಗಾದರೆ ಎಲ್ಲರೂ ಎಲ್ಲವನ್ನೂ ಊರಿಗೆ ಸಾರಬೇಕೆ? ಖಂಡಿತ ಇಲ್ಲ. ನಮಗೆಲ್ಲ ಪರಿಚಿತರಾದ ಇಬ್ಬರ ಉದಾಹರಣೆ ಕೊಡುತ್ತೇನೆ. ನಟ ಶಿವರಾಜ್‌ಕುಮಾರ್ ಅವರು ಮೂತ್ರಕೋಶದ ಕ್ಯಾನ್ಸರ್‌ಗಾಗಿ 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2025ರ ಹೊಸವರ್ಷದ ದಿನ ಪತ್ನಿ ಗೀತಾ ಅವರೊಡನೆ ವಿಡಿಯೊ ಮೂಲಕ ಜನರಿಗೆ ತಾವೇ ವಿಷಯ ತಿಳಿಸಿದರು. ಹೊರಡುವಾಗ ಭಯವಿತ್ತೆಂಬುದನ್ನೂ ಮುಚ್ಚಿಡಲಿಲ್ಲ. ತೆರೆಯ ಮೇಲೆ ಹತ್ತಾರು ಜನರನ್ನು ಹೊಡೆದುರುಳಿಸುವ ನಾಯಕನೇ ಭಯದ ಮಾತನ್ನು ಆಡಿದ್ದರಿಂದ ಎಷ್ಟೋ ಗಂಡಸರಿಗೆ ಬಾಯಿ ಬಂದಿರಬಹುದೆಂದು ನನ್ನ ನಂಬಿಕೆ. ಇನ್ನೊಬ್ಬರು ನಿರೂಪಕಿ ಅಪರ್ಣಾ. ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಸೊಗಸಾದ ಕನ್ನಡವನ್ನು ಕೇಳಿಸಿದ ಆ ಕಂಠ 2024ರ ಜುಲೈ 11ರಂದು ನಿಂತಿತು. ಶ್ವಾಸಕೋಶದ ಕ್ಯಾನ್ಸರ್ ಇತ್ತೆಂಬುದು ನಮ್ಮಂಥ ಬಹುತೇಕ ಕೇಳುಗರಿಗೆ ತಿಳಿದದ್ದು ಅವರು ತೀರಿಕೊಂಡ ಮೇಲೆಯೇ. ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದೇ ತಪ್ಪು. ಒಬ್ಬರು ಹೇಳಿದರು, ಒಬ್ಬರು ಹೇಳಲಿಲ್ಲ. ಹೇಳುವ ಹಾಗೂ ಹೇಳದಿರುವ ಅಧಿಕಾರ ಅವರವರದೇ. ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಇಲ್ಲದಿರುವುದು ಈ ಅಧಿಕಾರ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ನಿಮ್ಮಲ್ಲಿ ಹಲವರಿಗೆ ಈಗ ನಲವತ್ತು, ಐವತ್ತು ವರ್ಷ. ನೀವು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇದ್ದೀರಿ, ತಂದೆತಾಯಿ ಊರಿನಲ್ಲಿದ್ದಾರೆ. ವೈದ್ಯರ ವರದಿ ಮೊದಲು ಬಂದು ಬೀಳುವುದು ನಿಮ್ಮ ಮೊಬೈಲಿಗೆ. ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ನೀವೇ. ಆಗ ಇಷ್ಟು ಮಾಡಿ. ‘ವರದಿ ಬಂದಿದೆ. ನಿನಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ?’ ಎಂದು ಅವರನ್ನೇ ಕೇಳಿ. ‘ಎಲ್ಲ ಹೇಳು’ ಎಂದರೆ ಅವರನ್ನೂ ಕರೆದುಕೊಂಡು ಹೋಗಿ ವೈದ್ಯರ ಬಾಯಿಂದಲೇ ಕೇಳಿಸಿ. ‘ನನಗೇನೂ ಬೇಡ, ನೀನೇ ನೋಡಿಕೋ’ ಎಂದರೆ ಅದನ್ನೂ ಗೌರವಿಸಿ. ಆಮೇಲೆ ‘ಯಾರ್‍ಯಾರಿಗೆ ಹೇಳಲಿ?’ ಎಂದು ಕೇಳಿ, ಅವರು ಹೇಳಿದ ಹೆಸರುಗಳಿಗಷ್ಟೇ ಹೇಳಿ.

ನೋಡಲು ಹೋಗುವವರಿಗೂ ಒಂದು ಮಾತು. ಕ್ಯಾನ್ಸರ್ ತಟ್ಟೆ ಲೋಟದಿಂದಲೋ ಪಕ್ಕದಲ್ಲಿ ಕುಳಿತುದರಿಂದಲೋ ಹರಡುವುದಿಲ್ಲ. ವಂಶದಿಂದ ಬರುವ ದೋಷದ ಕಾರಣಕ್ಕೆ ಉಂಟಾಗುವ ಕ್ಯಾನ್ಸರ್‌ಗಳು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಆದ್ದರಿಂದ ‘ಆ ಮನೆಯ ಹೆಣ್ಣು ತರಬೇಡಿ’ ಎಂಬ ಮಾತಿಗೆ ಆಧಾರವಿಲ್ಲ. ಎರಡು ಮೂರು ವಾರವಾದರೂ ವಾಸಿಯಾಗದ ಬಾಯಿಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತಸ್ರಾವ, ಇವನ್ನು ಕಂಡೊಡನೆ ಹೇಳಿಕೊಳ್ಳುವಷ್ಟು ಸಲಿಗೆ ಮನೆಯಲ್ಲಿರಬೇಕು. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳು ಮೊದಲ ಹಂತದಲ್ಲಿ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. 30 ವರ್ಷ ದಾಟಿದವರಿಗೆ ಈ ಮೂರನ್ನೂ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ವಿವರ ಸಿಗುತ್ತದೆ. ರೋಗ ವಾಸಿಯಾಗುವ ಹಂತ ಮೀರಿದವರಿಗೂ ಆಸರೆಯಿದೆ: ಬೆಂಗಳೂರಿನ ಮಾರತ್ತಹಳ್ಳಿಯ ಬಳಿಯ ಕರುಣಾಶ್ರಯವು 1999ರಿಂದ ಅಂಥವರನ್ನು ಹಣ ಪಡೆಯದೆ ಆರೈಕೆ ಮಾಡುತ್ತಿದೆ.

ಮನಸ್ಸಿನ ವಿಷಯಕ್ಕೂ ದಾರಿಗಳಿವೆ. ನಮ್ಮ ನೆರೆಯ ಚನ್ನಪಟ್ಟಣವನ್ನು ಹೆಸರಿನಲ್ಲಿಯೇ ಉಳ್ಳ, ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಅನೇಕ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಗಳಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳುವವರೂ ಮಾಡಬಹುದು. ಮನೆಯ ಕ್ಯಾಲೆಂಡರಿನ ಮೇಲೆ ಗ್ಯಾಸಿನವರ ಸಂಖ್ಯೆಯನ್ನು ಬರೆದಿಡುತ್ತೇವಲ್ಲ, ಅದರ ಕೆಳಗೆ ಇದನ್ನೂ ಬರೆದಿಡಿ.

ಮುಂದಿನ ಸಲ ಊರಿಗೆ ಬಂದಾಗ ಅಪ್ಪನನ್ನೋ ಅವ್ವನನ್ನೋ ‘ಹೇಗಿದ್ದೀರಿ?’ ಎಂದು ಕೇಳಿ. ‘ಚೆನ್ನಾಗಿದ್ದೀವಿ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಕಳೆದು, ಟೀವಿ ನಿಲ್ಲಿಸಿ, ಇನ್ನೊಮ್ಮೆ ಕೇಳಿ. ಕೇಳಿದ ಮೇಲೆ ಬುದ್ಧಿ ಹೇಳಲು ಹೋಗದೆ ಸುಮ್ಮನೆ ಕುಳಿತಿರಿ. ಅವರು ಹೇಳಬೇಕೆಂದಿರುವುದನ್ನು ಅವರೇ ಹೇಳುತ್ತಾರೆ.