ಟಿ ಎಂದರೆ ಯಾರು?
ಡೋಣಿ ಸೀಮೆಯ ಸಾರವಾಡದಿಂದ ಬಿಳಿಜೋಳ, ಕಡಲೆ, ಒಣದ್ರಾಕ್ಷಿ ವಿಜಯಪುರದ ಅಡತಿ ಅಂಗಡಿಗೆ ಬಂತೆನ್ನಿ. ಅದರ ಚೀಟಿಗೊಂದು ಪ್ರೋಗ್ರಾಂ ಬರೆಯಬೇಕು. ಮಾಲು ಯಾವುದೆಂದು ಹೇಳಿದರೆ ತಕ್ಕ ಆಬ್ಜೆಕ್ಟ್ ಹುಟ್ಟಿಸಿಕೊಡುವುದು ಫ್ಯಾಕ್ಟರಿಯ ಕೆಲಸ. 1994ರಲ್ಲಿ ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರ ಪುಸ್ತಕ ಈ ಪದ್ಧತಿಯನ್ನು ಮನೆಮಾತಾಗಿಸಿತು. ಮಾಲಿಗೊಂದು ಫ್ಯಾಕ್ಟರಿ ಬರೆಯುತ್ತ ಹೋದರೆ ಕೈ ಸೋಲುತ್ತದೆ, ಅದಕ್ಕೇ ‘ಟಿ’ ಎಂಬ ಜೆನೆರಿಕ್ ಟೈಪ್ ಹಿಡಿದು ಒಂದೇ ಫ್ಯಾಕ್ಟರಿ. ಕಡಲೆ ಚೀಟಿಯ ಜಾಗಕ್ಕೆ ದ್ರಾಕ್ಷಿಯದನ್ನು ತುರುಕಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ರೈತ ಎದುರು ಬಂದು ನಿಲ್ಲುವವರೆಗೆ ಕಾಯುವುದಿಲ್ಲ. ಆದರೆ ಜಾವಾದ ತಕರಾರು ಬೇರೆ. 2004ರ ಐದನೇ ಆವೃತ್ತಿ ಜೆನೆರಿಕ್ಸ್ ತಂದಿತಾದರೂ, ಹಳೆಯ ಕೋಡ್ ಕೆಡಬಾರದೆಂದು ಕಂಪೈಲ್ ಮಾಡುವಾಗಲೇ ಟಿಯನ್ನು ಅಳಿಸಿಬಿಡುತ್ತದೆ. (ಹಳೆಯದಕ್ಕೆ ಇಷ್ಟು ಮರ್ಯಾದೆ ನಮ್ಮ ಗುಮ್ಮಟಗಳ ಊರಲ್ಲೂ ಇಲ್ಲ!) ಪ್ರೋಗ್ರಾಂ ಓಡುವಾಗ ಟಿ ಯಾರೆಂದೇ ಫ್ಯಾಕ್ಟರಿಗೆ ಗೊತ್ತಿರುವುದಿಲ್ಲ, ಹಾಗಾಗಿ ‘ನ್ಯೂ ಟಿ’ ಎಂದು ಬರೆಯುವಂತಿಲ್ಲ. ಹುಟ್ಟಿಸುವ ಬಗೆಯನ್ನೇ ಸಪ್ಲೈಯರ್ ಮಾಡಿ ಫ್ಯಾಕ್ಟರಿಯ ಕೈಗಿಡಬೇಕು. 2014ರ ಜಾವಾ ಎಂಟರಿಂದೀಚೆಗೆ ಅದು ಒಂದು ಸಾಲಿನ ಮಾತು. ಸಿ ಶಾರ್ಪ್‌ನಲ್ಲಿ ಟಿಗೆ ‘ನ್ಯೂ’ ಷರತ್ತು ಹಾಕಿದರೆ ಸಾಕು, ಆದರೆ ಆ ಷರತ್ತಿನಡಿ ಕನ್‌ಸ್ಟ್ರಕ್ಟರ್‌ಗೆ ತೂಕ, ದರ ಏನನ್ನೂ ಕೊಡುವಂತಿಲ್ಲ. ತೂಕ, ದರವಿಲ್ಲದ ಚೀಟಿ ಯಾರಿಗೆ ಬೇಕು? ನನ್ನ ಮತ ಸಪ್ಲೈಯರ್‌ಗೆ.