ಸಾಕು ಎನ್ನುವವರಿಲ್ಲದ ಸಾಮು

ಕುಡಿತದ ಚಟ ಹತ್ತಿದವನನ್ನು ಮನೆಯವರು ಬೈಯುತ್ತಾರೆ. ಜಿಮ್ಮಿನ ಚಟ ಹತ್ತಿದವನನ್ನು ನೆಂಟರ ಮುಂದೆ ಹೊಗಳುತ್ತಾರೆ. ಬೆಳಿಗ್ಗೆ ಐದಕ್ಕೇ ಏಳುತ್ತಾನೆ, ಸಿಗರೇಟು ಮುಟ್ಟುವುದಿಲ್ಲ, ಸಕ್ಕರೆ ಬಿಟ್ಟಿದ್ದಾನೆ. ಇನ್ನೇನು ಬೇಕು? ಶಿಸ್ತಿನ ವೇಷ ಹಾಕಿ ಬಂದ ಚಟವನ್ನು ಗುರುತು ಹಿಡಿಯುವುದು ಹೇಗೆ?

ಎಷ್ಟು ಗಂಟೆ ಮಾಡುತ್ತಾನೆ ಎಂಬ ಲೆಕ್ಕದಿಂದ ತಿಳಿಯದು. ಮಾಡದ ದಿನ ಏನಾಗುತ್ತಾನೆ ಎಂದು ನೋಡಬೇಕು. ವ್ಯಾಯಾಮ ನಿಲ್ಲಿಸಿದರೆ ನಿದ್ದೆಗೆ ಏನಾಗುತ್ತದೆಂದು ಅಳೆಯಲು ಅಮೆರಿಕದ ಸಂಶೋಧಕ ಫ್ರೆಡರಿಕ್ ಬೇಕ್‌ಲೆಂಡ್ ಹೊರಟಿದ್ದರು. ಆ ಅಧ್ಯಯನ 1970ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ದಿನವೂ ವ್ಯಾಯಾಮ ಮಾಡುವವರು ಹಣ ಕೊಡುತ್ತೇವೆಂದರೂ ಒಂದು ತಿಂಗಳು ಬಿಡಲು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರ್ನಾಲ್ಕು ದಿನ ಮಾಡುವವರನ್ನು ಹಿಡಿದು ತರಬೇಕಾಯಿತು. ಅವರಿಗೂ ನಿದ್ದೆ ಕೆಟ್ಟಿತು, ಆತಂಕ ಹೆಚ್ಚಿತು. ನನ್ನ ಮಟ್ಟಿಗೆ ಆ ಅಧ್ಯಯನದ ನಿಜವಾದ ಫಲಿತಾಂಶ ಮೊದಲಿನವರ ನಿರಾಕರಣೆಯೇ.

1993ರಲ್ಲಿ ಹಾರ್ವರ್ಡ್‌ನ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 108 ದೇಹದಾರ್ಢ್ಯ ಪಟುಗಳನ್ನು ಮಾತಾಡಿಸಿದರು. ಕಟ್ಟುಮಸ್ತಾಗಿದ್ದರೂ ತಾವು ನರಪೇತಲರೆಂದೇ ನಂಬಿ, ದೊಗಲೆ ಬಟ್ಟೆಯೊಳಗೆ ಮೈ ಅಡಗಿಸಿಕೊಳ್ಳುವವರು ಅವರಲ್ಲಿದ್ದರು. 2013ರಲ್ಲಿ ಬಂದ ಮನೋರೋಗ ಕೈಪಿಡಿ ಡಿಎಸ್‌ಎಂ-5 ಇದನ್ನು ದೇಹರೂಪದ ಗೀಳಿನ ಒಂದು ಬಗೆಯೆಂದು ಸೇರಿಸಿಕೊಂಡಿತು.

ಗರಡಿಯ ಕಾಲದಲ್ಲಿ ಎಲ್ಲವೂ ಸರಿಯಿತ್ತೆಂದು ಹಾಡುವ ಆಸೆ ನನಗಿಲ್ಲ. ಅಲ್ಲೂ ಮಂಡಿ ಕಳೆದುಕೊಂಡವರಿದ್ದರು. ಆದರೆ ಪೈಲ್ವಾನನ ಮೈಗೆ ಒಂದು ಕೆಲಸವಿತ್ತು: ಎದುರಾಳಿಯ ಬೆನ್ನನ್ನು ಮಟ್ಟಿಗೆ ತಾಗಿಸುವುದು. ದಸರಾ ಕುಸ್ತಿ ಮುಗಿದರೆ ಗೆಲುವೋ ಸೋಲೋ ಇತ್ಯರ್ಥವಾಗುತ್ತಿತ್ತು. ಉಸ್ತಾದರು ಸಾಕು ಎಂದರೆ ಸಾಕು. ಹವ್ಯಾಸಕ್ಕೆಂದು ಜಿಮ್ಮಿಗೆ ಹೋಗುವವನಿಗೆ ಪಂದ್ಯವೂ ಇಲ್ಲ, ಅದು ಮುಗಿಯುವ ದಿನವೂ ಇಲ್ಲ. ತೀರ್ಪು ಕೊಡಲು ಇರುವುದು ಗೋಡೆಯುದ್ದದ ಕನ್ನಡಿ ಮತ್ತು ಮೊಬೈಲು. ಅಕ್ಕನ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿರುವಾಗ ಹೊರಗೆ ಕಾರಿನಲ್ಲಿ ಕೂತು, ಸ್ಟೀಲ್ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯ ಬಿಳಿಭಾಗ ತಿನ್ನುವ ಹುಡುಗ ಯಾರ ವಿರುದ್ಧ ಸೆಣಸುತ್ತಿದ್ದಾನೆ?

ಇಂಥವನಿಗೆ ಯಾರೋ ‘ಒಂದು ಸೈಕಲ್ ಹಾಕು’ ಎನ್ನುತ್ತಾರೆ, ಅಂದರೆ ಒಂದು ಸುತ್ತು ಸ್ಟೀರಾಯ್ಡ್ ತಗೋ ಎಂದು. ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ ಎಂದು ಹೆದರಿಸುವುದು ದಡ್ಡತನ. ಮಾಡುತ್ತದೆ, ಕಣ್ಣಿಗೆ ಕಾಣುವಂತೆ. ಮೊಡವೆ, ರಕ್ತದೊತ್ತಡ, ಒಳ್ಳೆಯ ಕೊಲೆಸ್ಟರಾಲಿನ ಕುಸಿತ ಆಮೇಲಿನ ಮಾತು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬರುತ್ತಿದ್ದರೆ ವೃಷಣಗಳಿಗೆ ಸೂಚನೆ ಕಳಿಸುವುದನ್ನು ಮೆದುಳು ಕೈಬಿಡುತ್ತದೆ. ಇಂಜೆಕ್ಷನ್ ನಿಂತ ಮೇಲೆ ಮೈ ತನ್ನ ಕೆಲಸಕ್ಕೆ ಮರಳಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಕಷ್ಟಪಟ್ಟು ಬೆಳೆಸಿದ ಸ್ನಾಯು ಇಳಿಯುತ್ತದೆ, ಕಾಮಾಸಕ್ತಿ ಬತ್ತುತ್ತದೆ, ಖಿನ್ನತೆ ಕವಿಯುತ್ತದೆ. ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ಆಗ ಅವನಿಗೆ ತೋಚುವ ಮದ್ದು ಇನ್ನೊಂದು ಸೈಕಲ್.

ಸ್ಟೀರಾಯ್ಡ್ ಬಗ್ಗೆ ನಾವು ಮೋಸದ ಭಾಷೆಯಲ್ಲೇ ಮಾತಾಡುತ್ತೇವೆ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯ ಕಣ್ಣಿರುವುದು ಕ್ರೀಡಾಪಟುಗಳ ಮೇಲೆ. ಪದಕದ ಆಸೆಯೇ ಇಲ್ಲದವನು ಯಾರಿಗೆ ಮೋಸ ಮಾಡಿದ? ಡೆನ್ಮಾರ್ಕ್‌ನಲ್ಲಿ ಸಾಮಾನ್ಯ ಜಿಮ್‌ಗಳಲ್ಲೂ ಪರೀಕ್ಷೆ ನಡೆಯುತ್ತದೆ. ಅದರಿಂದ ಕೆಲವರು ಸಿಕ್ಕಿಬೀಳಬಹುದು. ಆದರೆ ನಾಚಿಕೆಯಿಂದ ಮುಚ್ಚಿಡುವವನು ಇನ್ನಷ್ಟು ಮುಚ್ಚಿಡುತ್ತಾನೆ ಎಂಬುದು ನನ್ನ ಅನುಮಾನ.

ಹಾಗಾದರೆ ವ್ಯಾಯಾಮವನ್ನೇ ರೋಗವೆಂದು ಕರೆದು ಸೋಮಾರಿಗಳಿಗೆ ನೆಪ ಕೊಟ್ಟಂತಾಗದೇ ಎಂದು ಕೇಳಬಹುದು. ಕೇಳಬೇಕಾದ್ದೇ. ಖಿನ್ನತೆಗೆ ವ್ಯಾಯಾಮ ನಿಜವಾಗಿ ಒಳ್ಳೆಯದು. ತೊಡಕಿರುವುದೂ ಅಲ್ಲೇ: ಕುಡುಕನಿಗೆ ಪೂರಾ ಬಿಡು ಎನ್ನಬಹುದು, ಇವನಿಗೆ ಕಡಿಮೆ ಮಾಡು ಎನ್ನಬೇಕು. ‘ಜಿಮ್ ಬಿಡು’ ಎಂದ ವೈದ್ಯರ ಬಳಿ ಅವನು ಎರಡನೇ ಸಲ ಬರುವುದಿಲ್ಲ. ಅಷ್ಟಕ್ಕೂ ಅವನು ಮೊದಲು ಹೋಗುವುದು ಮನೋವೈದ್ಯರ ಹತ್ತಿರವಲ್ಲ. ಬೆನ್ನ ಮೇಲಿನ ಮೊಡವೆಗೆಂದು ಚರ್ಮದ ಡಾಕ್ಟರ ಹತ್ತಿರ, ಇಲ್ಲವೇ ಮಕ್ಕಳಾಗಲಿಲ್ಲವೆಂದು ಹೆಂಡತಿಯ ಜೊತೆ. ‘ಏನಾದರೂ ಇಂಜೆಕ್ಷನ್ ತಗೊಳ್ತಿದ್ದೀಯೇನಪ್ಪಾ?’ ಎಂದು ಗದರದೆ ಕೇಳಬೇಕಾದವರು ಆ ಡಾಕ್ಟರು, ಅದೂ ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ.