ಸೋಲು ಯಾರ ಹೆಸರಿಗೆ?

ಬೇಸ್‌ಬಾಲ್ ಆಟವನ್ನು ನಾವು ಆಡಿದವರಲ್ಲ, ನೋಡಿದ್ದೂ ಅಷ್ಟಕ್ಕಷ್ಟೆ. ಆದರೂ ಈ ಸಲ ಅದರ ವಿಷಯ ಬರೆಯುವಂತಾದದ್ದು ಪಕ್ಕದ ಮನೆಯ ಹುಡುಗನಿಂದ. ಅವನ ಸೋದರಮಾವ ಅಮೆರಿಕದಲ್ಲಿದ್ದಾರೆ. ಅವರು ಕಳಿಸಿದ ಟೊಪ್ಪಿಗೆಯನ್ನು ತಲೆಗೇರಿಸಿಕೊಂಡು ಬೆಳಗಿನ ಜಾವಕ್ಕೇ ಎದ್ದು ಆಟ ನೋಡುವವನು. ಹೋದ ಭಾನುವಾರ ಅಂಕಪಟ್ಟಿಯೊಂದನ್ನು ನಮ್ಮ ಮುಂದೆ ಹಿಡಿದು, “ಮಾಮಾ, ಒಂಬತ್ತು ಜನ ಸೇರಿ ಸೋತರೂ ಸೋಲನ್ನ ಒಬ್ಬನ ಹೆಸರಿಗೇ ಬರೀತಾರಲ್ಲ, ಯಾಕೆ?” ಎಂದ. ಗುಮಾಸ್ತೆಗಿರಿಯಲ್ಲಿ ಹತ್ತು ವರ್ಷ ಸವೆಸಿದ ನಮಗೆ ಈ ಪ್ರಶ್ನೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ನಿಯಮಗಳನ್ನು ಹುಡುಕಿ ಓದಿದೆವು.

ಕ್ರಿಕೆಟ್ ಬಲ್ಲ ವಾಚಕರಿಗೆ ಆಟದ ಪರಿಚಯ ಹೆಚ್ಚು ಬೇಡ. ಬೌಲರಿನ ಜಾಗದಲ್ಲಿ ಇರುವವನು ಪಿಚರ್. ಓವರಿಗೊಬ್ಬರಂತೆ ಬದಲಾಗುವ ಪದ್ಧತಿ ಅಲ್ಲಿಲ್ಲ. ಒಬ್ಬನೇ ಎಸೆಯುತ್ತ ಹೋಗುತ್ತಾನೆ. ದಣಿದಾಗಲೋ ಪೆಟ್ಟು ತಿಂದಾಗಲೋ ಇನ್ನೊಬ್ಬ ಬರುತ್ತಾನೆ. ಮೂರು ಬೇಸುಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಪ್ರತಿ ಪಕ್ಷಕ್ಕೂ ಒಂಬತ್ತು ಸರದಿ.

ಇನ್ನು ನಿಯಮ. ಗೆದ್ದ ಪಕ್ಷ ಯಾವುದೋ ಒಂದು ಗಳಿಗೆಯಲ್ಲಿ ಮುಂದಾಗಿ, ಆ ಮುನ್ನಡೆಯನ್ನು ಕೊನೆಯವರೆಗೂ ಬಿಟ್ಟುಕೊಟ್ಟಿರುವುದಿಲ್ಲವಷ್ಟೆ? ಹಾಗೆ ಮುಂದಾಗಿಸಿದ ರನ್ ಯಾವ ಪಿಚರನ ಲೆಕ್ಕಕ್ಕೆ ಸೇರುತ್ತದೆಯೋ ಅವನಿಗೆ ಸೋಲು. ಲೆಕ್ಕ ಎಂದರೆ, ಓಡಿದವನನ್ನು ಮೊದಲು ಬೇಸಿಗೆ ಹತ್ತಗೊಟ್ಟವನ ಲೆಕ್ಕ.

ರಾಮಣ್ಣ ಎಸೆಯುತ್ತಿದ್ದಾನೆ ಎನ್ನೋಣ. ಆಟ 3–3 ಸಮ. ಎದುರಾಳಿಯೊಬ್ಬ ಅವನಿಂದ ಮೊದಲ ಬೇಸು ಸೇರಿದ. ರಾಮಣ್ಣನನ್ನು ಕರೆಸಿಕೊಂಡು ಭೀಮಣ್ಣನನ್ನು ಕಳಿಸಿದರು. ಭೀಮಣ್ಣ ಬಂದವನೇ ಪೆಟ್ಟು ತಿಂದ; ಬೇಸಿನಲ್ಲಿದ್ದವನು ಓಡಿಬಂದು 4–3 ಆಯಿತು. ಎಸೆದವನು ಭೀಮಣ್ಣನಾದರೂ ರನ್ ರಾಮಣ್ಣನದು. ಆಮೇಲೆ ಭೀಮಣ್ಣ ತನ್ನದೇ ಒಂದು ರನ್ ಕೊಟ್ಟು 5–3 ಮಾಡಿದ. ಅವನ ಪಕ್ಷ ಹೇಗೋ ಒಂದು ಗಳಿಸಿ 5–4ಕ್ಕೆ ಸೋತಿತು. ಐದನೆಯ ರನ್ ಇಲ್ಲದಿದ್ದರೆ ಆಟ ಸಮವಾಗುತ್ತಿತ್ತಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ಮುನ್ನಡೆ ಕೊಟ್ಟದ್ದು ನಾಲ್ಕನೆಯದು. ಸೋಲು ರಾಮಣ್ಣನದೇ, ಅಷ್ಟು ಹೊತ್ತಿಗೆ ಅವನು ಮೈ ತೊಳೆದುಕೊಂಡು ಕುಳಿತಿದ್ದರೂ. ನಡುವೆ ಅವನ ಪಕ್ಷ ಒಮ್ಮೆ 4–4 ಮಾಡಿದ್ದರೆ ಮಾತ್ರ ಅವನ ಸಾಲ ತೀರಿತು. ಅಲ್ಲಿಂದ ಹೊಸ ಖಾತೆ.

ಗೆಲುವಿಗೆ ಇಷ್ಟು ಸಲೀಸಿಲ್ಲ. ಆಟ ಆರಂಭಿಸಿದ ಪಿಚರ್ ಸಾಮಾನ್ಯವಾಗಿ ಐದು ಸರದಿಯನ್ನಾದರೂ ಪೂರೈಸಿರಬೇಕು. ಇಲ್ಲವಾದರೆ ಗೆಲುವು ಯಾರಿಗೆಂದು ಅಂಕ ಬರೆಯುವ ಅಧಿಕಾರಿ ತೂಗಿ ನೋಡುತ್ತಾನೆ. ಸೋಲಿಗೆ ಕನಿಷ್ಠ ಸೇವಾವಧಿಯಿಲ್ಲ. ಒಬ್ಬನಿಗೆ ಎಸೆದು ಹೋದರೂ ಸಾಕು.

ನಮಗೆ ಇದರಲ್ಲಿ ಮೆಚ್ಚಾದದ್ದು, ಬಿಟ್ಟುಹೋದವನ ಬಾಕಿ ಬಿಟ್ಟುಹೋದವನಿಗೇ ಎಂಬ ಮಾತು. ಎರಡು ವರ್ಷದ ಹಿಂದೆ ಮೂವರ ಕೈ ದಾಟಿದ ಫೈಲೊಂದು ನಮ್ಮ ಮೇಜಿಗೆ ಬಂದ ಎರಡನೆಯ ದಿನವೇ ಆಡಿಟ್‌ನವರು ಬಂದರು. ತಪ್ಪು ಮೊದಲ ಹಾಳೆಯಲ್ಲೇ ಇತ್ತು. ಬರೆದವರು ವರ್ಗವಾಗಿ ಹೋಗಿದ್ದರು. ಮೆಮೊ ನಮಗೆ. ಇನ್‌ಕ್ರಿಮೆಂಟು ನಿಂತಿತು, ಆ ಬೇಸಿಗೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುವುದೂ ನಿಂತಿತು. ಅಮ್ಮ ಮಾವಿನಕಾಯಿ ಉಪ್ಪಿನಕಾಯಿಯನ್ನು ಯಾರ ಕೈಯಲ್ಲೋ ಕಳಿಸಿಕೊಟ್ಟರು.

ಹಾಗೆಂದು ಬೇಸ್‌ಬಾಲ್ ಧರ್ಮರಾಯನ ಆಸ್ಥಾನವೇನೂ ಅಲ್ಲ. 1959ರ ಮೇ 26ರಂದು ಮಿಲ್‌ವಾಕಿಯಲ್ಲಿ ಪಿಟ್ಸ್‌ಬರ್ಗ್ ಪಕ್ಷದ ಹಾರ್ವೆ ಹ್ಯಾಡಿಕ್ಸ್ ಸತತವಾಗಿ 12 ಸರದಿ, 36 ಮಂದಿಯನ್ನು ಔಟ್ ಮಾಡಿದ. ಒಬ್ಬನೂ ಮೊದಲ ಬೇಸು ಮುಟ್ಟಲಿಲ್ಲ. ಅವನ ಪಕ್ಷದವರೋ, ಎದುರಿನ ಲ್ಯೂ ಬರ್ಡೆಟ್‌ನಿಗೆ ಹನ್ನೆರಡು ಬಾರಿ ಹೊಡೆದೂ ಒಂದು ರನ್ ತರಲಿಲ್ಲ. ಹದಿಮೂರನೆಯ ಸರದಿಯಲ್ಲಿ ಮೂರನೆಯ ಬೇಸಿನ ಡಾನ್ ಹೋಕ್ ಚೆಂಡನ್ನು ಹಿಡಿದು ತಪ್ಪಾಗಿ ಎಸೆದ. ಫೆಲಿಕ್ಸ್ ಮಾಂಟಿಯಾ ಬೇಸು ಹತ್ತಿದ. ಮುಂದಿನವನು ತಾನು ಔಟಾಗಿ ಅವನನ್ನು ಎರಡನೆಯ ಬೇಸಿಗೆ ದಾಟಿಸಿದ. ಹ್ಯಾಂಕ್ ಆರನ್‌ನಿಗೆ ಹೊಡೆಯಲು ಕೊಡದೆ ಬೇಕೆಂದೇ ಬೇಸು ಬಿಟ್ಟುಕೊಟ್ಟರು. ಬಳಿಕ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆ ಹಾರಿಸಿದ. ಆಟ ಮುಗಿಯಿತೆಂದು ಆರನ್ ದಾರಿ ಬಿಟ್ಟು ನಡೆದ, ಆಡ್‌ಕಾಕ್ ಅವನನ್ನು ದಾಟಿ ಓಡಿದ; ಈ ಗೊಂದಲದಿಂದ ಹೋಮ್ ರನ್ನೂ ಲೆಕ್ಕಕ್ಕೆ ಬರದೆ ಆಟ 1–0 ಎಂದು ತೀರ್ಮಾನವಾಯಿತು. ಗೆಲುವು ಬರ್ಡೆಟ್‌ನಿಗೆ, ಸೋಲು ಹ್ಯಾಡಿಕ್ಸ್‌ನಿಗೆ. ತಪ್ಪಿನಿಂದ ಬಂದ ರನ್ನಾದ್ದರಿಂದ ಅವನ ಸರಾಸರಿಗೆ ಅದು ಸೇರಲಿಲ್ಲ, ಸೋಲಿನ ಕಲಮಿಗೆ ಮಾತ್ರ ಸೇರಿತು. 1991ರಲ್ಲಿ ವ್ಯಾಖ್ಯೆಯನ್ನು ಬಿಗಿಮಾಡಿ, ಪರಿಪೂರ್ಣ ಆಟಗಳ ಪಟ್ಟಿಯಿಂದಲೂ ಅವನ ಆಟವನ್ನು ತೆಗೆದುಹಾಕಿದರು.

ಈಚೆಗೆ ಈ ಕಲಮಿನ ಗೌರವ ಇಳಿದಿದೆ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪಕ್ಷದ ಜೇಕಬ್ ಡಿಗ್ರಾಮ್‌ನ ಹೆಸರಿಗೆ 10 ಗೆಲುವು, 9 ಸೋಲು. ಒಂಬತ್ತು ಸರದಿಗೆ ಅವನು ಕೊಟ್ಟ ರನ್ನಿನ ಸರಾಸರಿ ಮಾತ್ರ 1.70. ವರ್ಷದ ಶ್ರೇಷ್ಠ ಪಿಚರನ ಸೈ ಯಂಗ್ ಪ್ರಶಸ್ತಿಯನ್ನು ಅವನಿಗೇ ಕೊಟ್ಟರು. ಆ ಸೈ ಯಂಗ್ ಮಹಾಶಯನ ಹೆಸರಿನಲ್ಲಿ 511 ಗೆಲುವುಗಳಿವೆ, ಯಾರಿಗಿಂತಲೂ ಹೆಚ್ಚು. ಸೋಲುಗಳೂ ಯಾರಿಗಿಂತಲೂ ಹೆಚ್ಚು, ಮುನ್ನೂರರ ಮೇಲೆ.

ಇಷ್ಟನ್ನೂ ಹುಡುಗನಿಗೆ ಹೇಳಿದೆವು. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, “ಹಾಗಾದ್ರೆ ಆ ಹೋಕ್ ಹೆಸರಿಗೆ ಏನು ಬರೆದ್ರು ಮಾಮಾ?” ಎಂದ.

“ಒಂದು ಎರರ್,” ಎಂದೆವು.